ಎದ್ದು ನಿಲ್ಲುವ ಒಂದು ನಿಮಿಷ

ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಕಪ್ಪು ಕೋಟನ್ನು ದರ್ಜಿಯ ಹೆಂಡತಿ ಮೂರನೆಯ ಸಲ ಪೆಟ್ಟಿಗೆಯಿಂದ ತೆಗೆದು ತೊಟ್ಟಿದ್ದಳು. ಗಂಡನೇ ಹೊಲಿದ ಕೋಟು. ಅವನು ಹೋದ ಮೇಲೆ ಅವಳ ಮೈ ಇಳಿದು ತೋಳು ಸಡಿಲವಾಗಿತ್ತು. ಬಿಗಿ ಮಾಡಿಕೊಡುವ ಕೈ ಈಗ ಮನೆಯಲ್ಲಿರಲಿಲ್ಲ.

ಆ ದರ್ಜಿ ಒಂದು ಅವಧಿಗೆ ಸಂಸತ್ತಿನ ಸದಸ್ಯನಾಗಿದ್ದ. ಕೊನೆಯ ಸಾಲು, ಕಂಬದ ಹಿಂದಿನ ಕುರ್ಚಿ. ತನ್ನ ಬೀದಿಯ ನೀರಿನ ಮಾತೆತ್ತಲು ಎದ್ದಾಗಲೆಲ್ಲ ಸಭಾಧ್ಯಕ್ಷರದು ಒಂದೇ ಮಾತು: "ಕೂತ್ಕೊಳ್ಳಿ." ಮನೆಗೆ ಬಂದು ನಗುತ್ತಿದ್ದ: "ನಾನು ಸತ್ತ ಮೇಲೆ ನೋಡೇ, ಅವರೆಲ್ಲ ನನಗೋಸ್ಕರ ಎದ್ದು ನಿಲ್ತಾರೆ." ಸುಳ್ಳಲ್ಲ. ಅಧಿವೇಶನ ಆರಂಭವಾಗುವ ದಿನ, ಬೇರೆ ಯಾವ ಕೆಲಸಕ್ಕೂ ಮುಂಚೆ, ತೀರಿಕೊಂಡ ಸದಸ್ಯರ ಹೆಸರು ಕರೆದು ಇಡೀ ಸಭೆ ಒಂದು ನಿಮಿಷ ಮೌನವಾಗಿ ನಿಲ್ಲುವುದು ಅಲ್ಲಿನ ಪದ್ಧತಿ.

ಗಂಡನ ಹೆಸರನ್ನು ಆ ಸಭಾಂಗಣದಲ್ಲಿ ಕಿವಿಯಾರೆ ಕೇಳಬೇಕು, ಅವಳಿಗಿದ್ದದ್ದು ಅದೊಂದೇ ಆಸೆ. ಕಿವಿಯೋ, ಒಂದು ಆಗಲೇ ಮುಚ್ಚಿತ್ತು. ಇನ್ನೊಂದೂ ದಿನದಿಂದ ದಿನಕ್ಕೆ ಮಂದವಾಗುತ್ತಿತ್ತು. ಆ ಕಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಅಧಿವೇಶನ ಮಾತ್ರ ಮೊದಲು ಮಂತ್ರಿಗಿರಿಯ ಹಂಚಿಕೆ ಮುಗಿಯಲಿಲ್ಲವೆಂದು ಮುಂದೆ ಹೋಯಿತು. ಆಮೇಲೆ ಯಾರು ಯಾರ ಪಕ್ಕ ಕೂರಬೇಕೆಂಬ ಜಗಳಕ್ಕೆ.

ಇವತ್ತು ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಅವನ ತುಟಿ ಅಲ್ಲಾಡಿತು.

"ಏನಂದ?" ಎಂದು ಅವಳು ಜೊತೆಗೆ ಬಂದಿದ್ದ ನಾದಿನಿಯ ಕಡೆ ತಿರುಗಿದಳು.

ನಾದಿನಿ ಒಳ್ಳೆಯ ಕಿವಿಗೆ ಬಾಯಿಟ್ಟು ಕೂಗಿದಳು: "ಮತ್ತೆ ಮುಂದಕ್ಕೆ ಹಾಕಿದಾರಂತೆ ಅತ್ತಿಗೆ!"

"ಯಾವತ್ತಿಗೆ?"

"ಹೇಳಿಲ್ವಂತೆ!"

"ಹೇಳೋಕೇನು ರೋಗ? ಕೂರೋ ಜಾಗಕ್ಕೆ ಇಷ್ಟು ಕಚ್ಚಾಡ್ತಾರಲ್ಲ, ಕಂಬದ ಹಿಂದೆ ನಿಮ್ಮಣ್ಣನ ಕುರ್ಚಿ ಇದೆ, ಅಲ್ಲಿ ಕೂತ್ಕೊಳ್ಳಲಿ ಅನ್ನು!"

"ಮೆಲ್ಲಗೆ ಅತ್ತಿಗೆ. ಬೀದಿಗೆಲ್ಲ ಕೇಳಿಸ್ತಿದೆ," ಎಂದಳು ನಾದಿನಿ ಕಿವಿಗೆ ಬಾಯಿಟ್ಟೇ.

"ಬೀದಿಗೆ ಕೇಳಿಸಿ ಏನು ಬಂತು? ಒಳಗಿರೋರಿಗೆ ಕೇಳಿಸ್ಬೇಕಲ್ಲ. ಕಿವುಡಿ ನಾನೋ, ಅವರೋ?"

ಕಾವಲುಗಾರನಿಗೆ ಅಯ್ಯೋ ಅನ್ನಿಸಿರಬೇಕು. ತನ್ನ ಕುರ್ಚಿಯನ್ನೇ ಎಳೆದು ತಂದು, ಗಂಟಲೆತ್ತಿ ಹೇಳಿದ: "ಕೂತ್ಕೊಳ್ಳಿ ಅಮ್ಮ."

ಆ ಮಾತು ಮಾತ್ರ ಅವಳಿಗೆ ಗಂಟೆ ಬಾರಿಸಿದ ಹಾಗೆ ಕೇಳಿಸಿತು.

"ಬೇಡಪ್ಪ. ಇಲ್ಲಿ ಆ ಮಾತು ಕೇಳಿ ಕೇಳೀ ನಮ್ಮ ಮನೆಯವರು ಸೋತುಹೋದರು."

"ನಾನೇ ಅಣ್ಣನ ಹೆಸರು ಕೂಗ್ತೀನಿ ಅತ್ತಿಗೆ, ಇಲ್ಲೇ ನಿಲ್ಲೋಣ," ಎಂದಳು ನಾದಿನಿ, ಸಮಾಧಾನ ಮಾಡುವವಳಂತೆ.

"ನೀನು ಕೂಗೋದಾದ್ರೆ ಅಡುಗೆಮನೆಯಲ್ಲೇ ಕೂಗಬಹುದಿತ್ತು. ಕೂರು ಅಂದ ಬಾಯಿ ಕೂಗಬೇಕು."

ಮುಚ್ಚಿದ ಗೇಟಿನ ಎದುರು ಅವಳು ಕೈ ಮುಗಿದಳು. ಅದು ಒಳಗಿನವರಿಗಲ್ಲ. ದೇವರೇ, ಅವರು ಬಾಯಿ ತೆರೆಯುವ ತನಕ ಈ ಒಂದು ಕಿವಿಯನ್ನು ಮುಚ್ಚಬೇಡ. ಅವರ ಹಾಗೆ ನೀನೂ ನಿನ್ನ ಕೆಲಸವನ್ನು ಒಂದಿಷ್ಟು ಮುಂದಕ್ಕೆ ಹಾಕು.

ವಾಪಸು ಬರುವಾಗ ಬಸ್ಸಿನಲ್ಲಿ ಜಾಗ ಖಾಲಿಯಿತ್ತು. ಅವಳು ಕೂರಲಿಲ್ಲ, ಕಂಬಿ ಹಿಡಿದು ನಿಂತಳು.

"ಊಟಕ್ಕಾದ್ರೂ ಕೂರ್ತೀರೋ ಇಲ್ವೋ?" ಎಂದು ನಾದಿನಿ ಗೊಣಗಿದಳು.

ಕಿಟಕಿಯಿಂದ ತಣ್ಣನೆಯ ಗಾಳಿ ನುಗ್ಗುತ್ತಿತ್ತು. ಅವಳು ಕೋಟಿನ ಕಾಲರನ್ನು ಮೇಲೆತ್ತಿ ಒಳ್ಳೆಯ ಕಿವಿಯನ್ನು ಮುಚ್ಚಿಕೊಂಡಳು.