ಆರನೇ ಮೈದಾನ

ಪುಸ್ತಕಕ್ಕೆ ಆರು ಅಭ್ಯಾಸ ಮೈದಾನ ಬೇಕಿತ್ತು. ಇದ್ದದ್ದು ಐದು.

1998ರ ಜೂನ್. ಮಹಿಳೆಯರ ಅಂತರರಾಷ್ಟ್ರೀಯ ಹಾಕಿ ಪಂದ್ಯಾವಳಿಯೊಂದನ್ನು ತನ್ನಲ್ಲೇ ನಡೆಸಬೇಕೆಂದು ಬೆಂಗಳೂರು ಅರ್ಜಿ ಹಾಕುತ್ತಿತ್ತು. ಪೈಪೋಟಿಗೆ ಚೆನ್ನೈ ಮತ್ತು ಕ್ವಾಲಾಲಂಪುರ. ಅರ್ಜಿ ಎಂದರೆ ನೂರಾ ನಲವತ್ತು ಪುಟದ ಪುಸ್ತಕ. ಅದನ್ನು ಶಿವಾಜಿನಗರದ ಗಯಾಜ್ ಅವರ ಡಿಟಿಪಿ ಅಂಗಡಿಯಲ್ಲಿ ಪೂಜಿತಾ ಟೈಪ್ ಮಾಡುತ್ತಿದ್ದಳು. ಅರ್ಜಿ ಸಮಿತಿಯ ಅಧಿಕಾರಿ ಶಿವರುದ್ರಪ್ಪ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿ ಬರೆಸುತ್ತಿದ್ದರು.

"ಮುಂದ ಟರ್ಫ್ ಹಾಸಬಹುದಾದ ಆರು ಮೈದಾನ ಕೇಳ್ಯಾರ. ಇನ್ನೊಂದು ಎಲ್ಲಿಂದ ತರೂದವಾ?" ಎಂದರು. "ನಿಮ್ಮ ಕಡೆ ಯಾವುದರ ಐತೇನು?"

"ಇದೆ ಸರ್. ಹಲಸೂರಲ್ಲಿ, ನಮ್ಮನೆ ಹಿಂದೆ."

"ಹಾಕಿ ಆಡ್ತಾರ ಅಲ್ಲಿ?"

"ನಾನೇ ಗೋಲ್‌ಕೀಪರ್."

"ಹಂಗಾರ ಹಾಕು. ಉದ್ದ ರೂಲ್ ಪ್ರಕಾರ ತೊಂಬತ್ತೊಂದು ಮೀಟರ್ ಅಂತ ಬರಿ. ಅವರೇನು ಆರೂ ನೋಡಾಕ ಬರ್ತಾರೇನು?"

ಪೂಜಿತಾ ಒಂದು ವಿಷಯ ಹೇಳಲಿಲ್ಲ. ಆ ಮೈದಾನದ ಗೋಡೆಗೆ ಎರಡು ತಿಂಗಳ ಹಿಂದೆ ಪಾಲಿಕೆಯವರು ನೋಟಿಸ್ ಅಂಟಿಸಿದ್ದರು. ಅಲ್ಲಿ ವಾಣಿಜ್ಯ ಸಂಕೀರ್ಣ ಬರುತ್ತದೆ, ಅರವತ್ತು ಮಳಿಗೆ. ಅವಳ ತಂಡದ ಹದಿನಾಲ್ಕು ಹುಡುಗಿಯರಿಗೆ ಆಡಲು ಬೇರೆ ಜಾಗ ಇರಲಿಲ್ಲ. ಮೂರು ಮನವಿ ಕೊಟ್ಟಿದ್ದರು. ಮೂರನೆಯದನ್ನು ತೆಗೆದುಕೊಂಡ ಗುಮಾಸ್ತ, "ಮೈದಾನ ಅಂತ ಯಾವ ಕಾಗದದಲ್ಲಿದೆಯಮ್ಮ? ನಮ್ಮಲ್ಲಿ ಖಾಲಿ ಜಾಗ ಅಂತಲೇ ಇರೋದು" ಎಂದಿದ್ದ. ಈಗ ಒಂದು ಕಾಗದ ಅವಳ ಕೈಕೆಳಗೇ ಇತ್ತು. ಟೈಪ್ ಮಾಡಿದಳು.

ಶಿವರುದ್ರಪ್ಪ ಹೋದ ಮೇಲೆ ಗಯಾಜ್ ಪ್ರಿಂಟ್ ತೆಗೆದು ಓದಿದರು. "ಬೇಟಿ, ಇದು ನಿಮ್ಮ ಎಮ್ಮೆ ಮೈದಾನ ಅಲ್ವಾ?"

"ಹೌದು ಭಾಯ್."

"ಎಮ್ಮೆಗಳ ಫೋಟೋನೂ ಹಾಕ್ಬೇಕಿತ್ತು. ಪಾಪ, ಅವೂ ಹಲಸೂರಿನವೇ."

ಎಮ್ಮೆಗಳು ಅಮೃತಮ್ಮನವು. ಆರು. ಮೈದಾನದ ಮೂಲೆಯಲ್ಲೇ ಅವುಗಳ ಗೂಟ. ಹೊಸಕೋಟೆ ಕಡೆಯ ಹಳ್ಳಿಯಿಂದ ಬಂದ ಅಮೃತಮ್ಮನಿಗೆ ಹಾಕಿ ಗೊತ್ತಿರಲಿಲ್ಲ, ನೆಲ ಗೊತ್ತಿತ್ತು. ಗೋಲಿನ ಮುಂದಿನ ಅರ್ಧ ವೃತ್ತದಲ್ಲಿ ಕಲ್ಲುಪುಡಿಗೆ ತಾಗಿ ಎಗರಿದ ಚೆಂಡು ಹುಡುಗಿಯರ ಮೊಣಕಾಲಿಗೆ ಬಡಿಯುವುದನ್ನು ಒಂದು ವಾರ ನೋಡಿ, "ರಾಗಿ ಕಣ ಮಾಡ್ದಂಗೆ ಮಾಡ್ರೇ" ಎಂದಿದ್ದಳು. ಕಲ್ಲು ಆರಿಸಿ, ನೆಲಕ್ಕೆ ನೀರು ಹಾಕಿ, ದಿಮ್ಮಿಸಿ, ಮೇಲೆ ಸಗಣಿ ಸಾರಿಸುವುದು. ಮೂರು ವರ್ಷದಿಂದ ಪ್ರತಿ ಭಾನುವಾರ ಹುಡುಗಿಯರು ಎರಡೂ ಕಡೆಯ ಗೋಲಿನ ಮುಂದೆ ಸಾರಿಸುತ್ತಿದ್ದರು. ಧೂಳು ಏಳುತ್ತಿರಲಿಲ್ಲ. ಚೆಂಡು ನೇರ ಹೋಗುತ್ತಿತ್ತು.

ಸೆಪ್ಟೆಂಬರಿನಲ್ಲಿ ತಪಾಸಣೆಗೆ ವಿದೇಶದಿಂದ ಒಬ್ಬ ಹೆಂಗಸು ಬಂದಳು. ಆರೂ ಮೈದಾನ ನೋಡುತ್ತೇನೆ ಎಂದಳು.

ಹಿಂದಿನ ದಿನ ಶಿವರುದ್ರಪ್ಪ ಹಲಸೂರಿಗೆ ಓಡಿ ಬಂದರು. ಎಮ್ಮೆ ನೋಡಿದರು, ಸಗಣಿ ನೋಡಿದರು, ಕೊನೆಗೆ ನೋಟಿಸ್ ಓದಿದರು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

"ನನ್ನ ನೌಕರಿ ಕಳದಿಯಲ್ಲವಾ."

"ನೀವೇ ಹಾಕು ಅಂದ್ರಿ ಸರ್."

"ಹಾಕು ಅಂದೆ. ಕಾಂಪ್ಲೆಕ್ಸ್ ಬರೂ ಜಾಗ ಹಾಕು ಅಂದ್ನೇನು?" ಕನ್ನಡಕ ಒರೆಸಿಕೊಂಡರು. "ಉಳಿದ ಐದಕ್ಕೂ ವಾರದಿಂದ ಬೀಗ ಹಾಕಿಸೀನಿ, ಒಬ್ಬರೂ ಕಾಲಿಟ್ಟು ಹಾಳು ಮಾಡಬಾರದು ಅಂತ. ಇದಕ್ಕ ಗೇಟ ಇಲ್ಲ. ನಾಕು ಲಾರಿ ಕೆಂಪು ಮಣ್ಣು ಹಾಕಸ್ತೀನಿ, ಸಗಣಿ ಮುಚ್ಚಿ ಹೋಗಲಿ."

"ಹಾಕ್ಸಪ್ಪ," ಎಂದಳು ಅಮೃತಮ್ಮ, ಎಮ್ಮೆಯ ಹಗ್ಗ ಬಿಚ್ಚುತ್ತ. "ಆಮೇಲೆ ಗೋಲಲ್ಲಿ ನೀನೇ ನಿಂತ್ಕೊ."

ಲಾರಿ ಬರಲಿಲ್ಲ. ಆದರೆ ಶಿವರುದ್ರಪ್ಪ ಸ್ವಾಗತದ ಬ್ಯಾನರ್ ತರಿಸಿ, ನೋಟಿಸ್ ಮುಚ್ಚುವ ಹಾಗೆ ತಾವೇ ಕಟ್ಟಿದರು. ಹೋಗುವಾಗ ಪೂಜಿತಾಗೆ, "ಕೇಳಿದ್ರ ತೊಂಬತ್ತೊಂದು" ಎಂದರು.

ಮರುದಿನ ಬೆಳಿಗ್ಗೆ ಏಳೂವರೆಗೆ ಆ ಹೆಂಗಸು ಬಂದಾಗ ಅಭ್ಯಾಸ ಅರ್ಧ ಮುಗಿದಿತ್ತು. ಹುಡುಗಿಯರಿಗೆ ನಿಲ್ಲಿಸಬೇಡಿ ಎಂದು ಕೈ ಮಾಡಿದಳು. ಹತ್ತು ನಿಮಿಷ ಸುಮ್ಮನೆ ನೋಡಿದಳು. ನಂತರ ಗೋಡೆಯಿಂದ ಗೋಡೆಗೆ ಹೆಜ್ಜೆ ಎಣಿಸುತ್ತ ನಡೆದು, ಗೋಲಿನ ಬಳಿ ನಿಂತಳು. ಕಾಲಿಗೆ ಹಳೆಯ ಪ್ಯಾಡ್ ಕಟ್ಟಿದ್ದ ಪೂಜಿತಾಳನ್ನೇ ಕೇಳಿದಳು: ಉದ್ದ ಎಷ್ಟು?

ಶಿವರುದ್ರಪ್ಪ ಇಪ್ಪತ್ತು ಅಡಿ ದೂರದಲ್ಲಿದ್ದರು. ಪೂಜಿತಾಗೆ ಎರಡೂ ದಾರಿ ಕೆಟ್ಟದಾಗಿ ಕಂಡವು. ನಿಜ ಹೇಳಿದರೆ ಮೈದಾನದ ಹೆಸರು ಪುಸ್ತಕದಿಂದ ಹೋಗಬಹುದು, ಆಮೇಲೆ ಉಳಿಯುವುದು ಗೋಡೆಯ ನೋಟಿಸ್ ಒಂದೇ. ಸುಳ್ಳು ಹೇಳಿದರೆ, ಈ ಹೆಂಗಸು ಹೆಜ್ಜೆ ಎಣಿಸಿಯಾಗಿದೆ.

"ಎಂಬತ್ತೆರಡು," ಎಂದಳು ಇಂಗ್ಲಿಷಿನಲ್ಲಿ. "ಆ ಕಡೆ ಗೋಡೆ ಇದೆ. ಪುಸ್ತಕದಲ್ಲಿರೋದು ತಪ್ಪು. ಟೈಪ್ ಮಾಡಿದ್ದು ನಾನೇ."

ಹೆಂಗಸು ಕುಕ್ಕರುಗಾಲಲ್ಲಿ ಕೂತು ನೆಲ ಮುಟ್ಟಿದಳು, ಬೆರಳು ಮೂಸಿದಳು. ಇದು ಏನು ಎಂದಳು. ಪೂಜಿತಾ ಹೇಳಿದಳು. ಅಮೃತಮ್ಮನನ್ನೂ ತೋರಿಸಿದಳು. ಹೆಂಗಸು ಎಲ್ಲವನ್ನೂ ಬರೆದುಕೊಂಡು ಕಾರು ಹತ್ತಿದಳು. ಶಿವರುದ್ರಪ್ಪ ಪೂಜಿತಾಳತ್ತ ತಿರುಗಿ ನೋಡದೆ ಹಿಂದೆಯೇ ಹೋದರು.

ಡಿಸೆಂಬರಿನಲ್ಲಿ ಪಂದ್ಯಾವಳಿ ಕ್ವಾಲಾಲಂಪುರಕ್ಕೆ ಹೋಯಿತು.

ಅದಾದ ಎರಡು ವಾರಕ್ಕೆ ಶಿವರುದ್ರಪ್ಪ ಗಯಾಜ್ ಅಂಗಡಿಗೆ ಬಂದರು. ಪೂಜಿತಾ ಎದ್ದು ನಿಂತಳು. ಅವರು ಕೂತ್ಕೊ ಎಂದು ಸನ್ನೆ ಮಾಡಿ, ತಪಾಸಣೆಯ ವರದಿ ಅವಳ ಮುಂದಿಟ್ಟು ಒಂದು ಕಡೆ ಬೆರಳಿಟ್ಟರು. ಅಲ್ಲಿ ಹೀಗಿತ್ತು: ಐದು ಮೈದಾನಗಳು ಅಳತೆಗೆ ಸರಿಯಾಗಿವೆ, ಅವುಗಳಲ್ಲಿ ಯಾರೂ ಆಡುವುದನ್ನು ನಾವು ಕಾಣಲಿಲ್ಲ. ಆರನೆಯದು ಒಂಬತ್ತು ಮೀಟರ್ ಕಡಿಮೆ, ಅಲ್ಲಿ ಆಟ ನಡೆಯುತ್ತಿತ್ತು. ಮುಂದಿನ ಅರ್ಜಿಗೆ ಮೊದಲು ಇದನ್ನು ಸರಿಪಡಿಸಿ.

"ಬೀಗ ಹಾಕಿಸಿ ಕೆಟ್ಟೆ ನೋಡು," ಎಂದರು ಶಿವರುದ್ರಪ್ಪ.

ಗಯಾಜ್ ನಗು ತಡೆಯಲು ಜೆರಾಕ್ಸ್ ಯಂತ್ರದ ಕಡೆ ತಿರುಗಿದರು.

"ನಾಕು ವರ್ಷಕ್ಕ ಮತ್ತ ಅರ್ಜಿ ಹಾಕೋದೈತಿ. ಆರನೇದನ್ನ ಸರಿ ಮಾಡ್ರಿ ಅಂದೋರ ಮುಂದ ಅರವತ್ತು ಅಂಗಡಿ ತೋರಸಾಕ ಆಗ್ತದೇನು? ಕಾಂಪ್ಲೆಕ್ಸ್ ನಿಲ್ಲಸ್ರಿ ಅಂತ ಒಂದು ಪತ್ರ ಟೈಪ್ ಮಾಡು. ನಮ್ಮ ಸಾಹೇಬ್ರು ಸಹಿ ಹಾಕ್ತಾರ."

ಪೂಜಿತಾ ಹೊಸ ಫೈಲ್ ತೆರೆದಳು. ಮೈದಾನದ ಹೆಸರು, ವಾರ್ಡು, ಅಗಲ. ಅಲ್ಲಿಗೆ ಬೆರಳು ನಿಂತಿತು.

"ಉದ್ದ ಎಷ್ಟು ಹಾಕ್ಲಿ ಸರ್?"

"ಇದ್ದದ್ದ ಹಾಕವಾ. ಆಕಿ ಎಣಿಸ್ಯಾಳ."

ಫೆಬ್ರವರಿಯಲ್ಲಿ ನೋಟಿಸಿನ ಮೇಲೆ ಇನ್ನೊಂದು ಕಾಗದ ಅಂಟಿಸಿದರು. ಮುಂದಿನ ಆದೇಶದವರೆಗೆ ಕಾಮಗಾರಿ ತಡೆಹಿಡಿಯಲಾಗಿದೆ ಎಂದಿತ್ತು. ರದ್ದಾಗಿದೆ ಎಂದಿರಲಿಲ್ಲ. ಪೂಜಿತಾ ಎರಡು ಸಲ ಓದಿ ನೋಡಿದಳು. ಅಂದು ಭಾನುವಾರ. ಅಮೃತಮ್ಮ ಬಕೆಟ್ಟು ತಂದಿಟ್ಟಿದ್ದಳು.

"ಎಷ್ಟು ದಿನಕ್ಕಂತೆ?"

"ನಾಲ್ಕು ವರ್ಷ ಇರಬಹುದು ಅಜ್ಜಿ."

"ಸರಿ, ಕೈ ಹಾಕು. ಬಿಸಿಲೇರೋಕೆ ಮುಂಚೆ ಸಾರ್ಸಿ ಮುಗಿಸ್ಬೇಕು."