ಒಂದೂ ಹತ್ತರ ಟಿಪ್ಪಣಿ

ವಿನಯಾ ಬ್ರಿಟನ್ನಿಗೆ ಹೋಗುವ ಕಾಗದಪತ್ರಗಳ ಹಿಂದೆ ಬಿದ್ದು ಒಂದೂವರೆ ವರ್ಷವಾಗಿತ್ತು. ಸಾಮಾನ್ಯ ನರ್ಸ್ ಆಗಿ ಹೋಗುವುದಾದರೆ ದಾರಿ ಬಳಕೆಯದು. ಅವಳ ಜೊತೆ ಓದಿದ ನಾಲ್ಕೈದು ಜನ ಹಾಗೆಯೇ ಹೋಗಿದ್ದರು. ಆದರೆ ಅವಳಿಗೆ ಮಾನಸಿಕ ಆರೋಗ್ಯದ ನರ್ಸ್ ಎಂದೇ ನೋಂದಣಿ ಆಗಬೇಕಿತ್ತು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅದರ ಮೇಲೆ ಒಂದು ವರ್ಷ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಮಾಡಿ, ಬ್ರಹ್ಮಾವರದ 'ಹೊಸಹಾದಿ' ಮನೋರೋಗ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದಿದ್ದಳು. ಈ ವಿದ್ಯೆ ಅಲ್ಲಿಯವರಿಗೆ ಪರದೇಶದ ವಿದ್ಯೆ. ಅದನ್ನು ಅವರು ಒಪ್ಪಬೇಕಾದರೆ ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕಲಿತಳು ಎಂಬುದಕ್ಕೆ ಕಾಲೇಜಿನ ಮೊಹರು ಬೇಕು, ಬೆಂಗಳೂರಿನ ನರ್ಸಿಂಗ್ ಪರಿಷತ್ತಿನಿಂದ ನೇರ ಪತ್ರ ಹೋಗಬೇಕು, ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಕಂಪ್ಯೂಟರ್ ಮುಂದೆ ಕೂತು ವೃತ್ತಿಯ ಪರೀಕ್ಷೆ ಬರೆಯಬೇಕು. ಅಲ್ಲಿನ ಒಂದು ಆಸ್ಪತ್ರೆ ವೀಡಿಯೊದಲ್ಲೇ ಸಂದರ್ಶನ ಮಾಡಿ ಕೆಲಸ ಕೊಡಲು ಒಪ್ಪಿತ್ತು. ಈಗ ಕೆಲಸ ಮಾಡುವ ಆಸ್ಪತ್ರೆಯಿಂದ ಒಂದು ರೆಫರೆನ್ಸ್ ಪತ್ರ ಬರಲಿ ಎಂದಿತ್ತು.

ಬಿಜೂರಿನ ಮನೆಯಲ್ಲಿ ತಾಯಿ ಅಪ್ಪಿಗೆ ಇದರ ತಲೆಬುಡ ಅರ್ಥವಾಗುತ್ತಿರಲಿಲ್ಲ.

"ತಲೆ ಸರಿ ಇಲ್ಲದವ್ರನ್ನ ಕಾಣ್ಕಂಬುಕೆ ಅಷ್ಟ್ ದೂರ ಹೋಯ್ಕಾ ಮಗಾ? ಇಲ್ಲೆಂತ ಅವ್ರಿಗೆ ಬರ ಬಂದಿತಾ?"

"ಅಲ್ ನರ್ಸ್ ರೋಗಿ ಹತ್ರ ಕೂಕಂಡ್ ಮಾತಾಡುದೇ ಒಂದ್ ಕೆಲ್ಸ ಅಮ್ಮ. ಇಲ್ಲ್ ನಂಗೆ ಕೂಕಂಬುಕೇ ಪುರ್ಸೊತ್ತಿಲ್ಲೆ."

ಅದು ನಿಜವೇ. ಗಂಡಸರ ವಾರ್ಡಿನಲ್ಲಿ ಇಪ್ಪತ್ತಾರು ರೋಗಿಗಳಿಗೆ ಹಗಲು ಇಬ್ಬರು ನರ್ಸ್‌ಗಳು. ಅದರಲ್ಲಿ ಒಬ್ಬಳನ್ನು ಹೊರರೋಗಿ ವಿಭಾಗಕ್ಕೆ ಕಳಿಸಿದರೆ ಉಳಿಯುವವಳು ಒಬ್ಬಳೇ.

ಮಾರ್ಚ್ ತಿಂಗಳಲ್ಲಿ ಆ ವಾರ್ಡಿಗೆ ಚೆನ್ನಯ್ಯ ಎಂಬವರು ಬಂದರು. ಕಿರಿಮಂಜೇಶ್ವರದವರು, ಅರವತ್ತು ದಾಟಿದವರು. ಮೂವತ್ತು ವರ್ಷ ಮುಂಬೈಯ ಕ್ಯಾಂಟೀನೊಂದರಲ್ಲಿ ಚಾ ಕಾಯಿಸಿ, ಊರಿಗೆ ಬಂದು ಕೂತ ಮೇಲೆ ಕುಡಿತಕ್ಕೆ ಬಿದ್ದಿದ್ದರು. ಕರೆತಂದು ಸೇರಿಸಿ ಜೊತೆಗೆ ನಿಂತವಳು ಮಗಳು ಶರ್ಮಿಳಾ. ಕುಡಿತ ನಿಂತ ಮೂರನೆಯ ದಿನ ಚೆನ್ನಯ್ಯನವರಿಗೆ ಭ್ರಮೆ ಹಿಡಿಯಿತು. ಮಂಚವೇ ಕ್ಯಾಂಟೀನು, ಸುತ್ತ ಮಲಗಿದವರೆಲ್ಲ ಗಿರಾಕಿಗಳು. "ಹ್ವಾಯ್, ಎರಡ್ ಕಟಿಂಗ್ ಚಾ!" ಎಂದು ಇಲ್ಲದ ಹುಡುಗನನ್ನು ಕೂಗುತ್ತಿದ್ದರು. ಇಂಥ ಹೊತ್ತಿನಲ್ಲಿ ರೋಗಿಯ ಮೇಲಿಂದ ಕಣ್ಣು ತೆಗೆಯಬಾರದು ಎಂದು ವಿನಯಾಳಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ಮಧ್ಯಾಹ್ನ ಅವರು ಸ್ವಲ್ಪ ತಣ್ಣಗಾಗಿದ್ದರು. ಬೆಳಿಗ್ಗೆಯಿಂದ ಏನೂ ತಿನ್ನದ ಶರ್ಮಿಳಾ ಬಾಗಿಲ ಬಳಿ ಬಂದು ನಿಂತಳು.

"ಸಿಸ್ಟರ್, ನಾನ್ ಒಂಚೂರ್ ಉಂಡ್ಕಂಡ್ ಬರ್ಲಾ?"

"ಹೋಯ್ ಬನ್ನಿ ಅಕ್ಕ. ನಾನ್ ಇದ್ದೆ, ಕಾಣ್ಕಂತೆ."

ವಿನಯಾ ಗಡಿಯಾರ ನೋಡಿ ಅದನ್ನೇ ಚೆನ್ನಯ್ಯನವರ ಕಡತದಲ್ಲಿ ಬರೆದಳು: ಒಂದೂ ಹತ್ತು, ಮಗಳು ಊಟಕ್ಕೆ ಹೋಗಿದ್ದಾಳೆ, ರೋಗಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಹತ್ತು ನಿಮಿಷಕ್ಕೆ ಹೊರರೋಗಿ ವಿಭಾಗದಿಂದ ಫೋನ್ ಬಂತು. ಅಲ್ಲೊಬ್ಬ ರೋಗಿ ಗಲಾಟೆ ಎಬ್ಬಿಸಿದ್ದಾನೆ, ಇಂಜೆಕ್ಷನ್ ಕೊಡಬೇಕು, ಈಗಲೇ ಬಾ ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಶ್ರೀಲತಾ ಕರೆದರು. "ಮೇಡಂ, ಇನ್ನೊಬ್ಬಳು ರಜೆಯಲ್ಲಿದ್ದಾಳೆ, ವಾರ್ಡಿನಲ್ಲಿ ನಾನೊಬ್ಬಳೇ" ಎಂದಳು ವಿನಯಾ. "ಐದು ನಿಮಿಷ" ಎಂದರು ಅವರು. ಐದು ಹದಿನೈದಾಯಿತು. ಅಷ್ಟರಲ್ಲಿ ನೀರಿನ ಟ್ಯಾಂಕರಿಗೆಂದು ತೆರೆದ ಗೇಟಿನಿಂದ ಚೆನ್ನಯ್ಯ ಹೊರಗೆ ಹೋಗಿದ್ದರು. ಹೆದ್ದಾರಿಯ ನಡುವೆ ನಿಂತು ಮುಂಬೈ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದರು ಎಂದು ಕಂಡವರು ಹೇಳಿದರು. ಬಂದದ್ದು ಲಾರಿ.

ಮರುದಿನ ಶ್ರೀಲತಾ ವಿನಯಾಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಚೆನ್ನಯ್ಯನವರ ಕಡತವಿತ್ತು. ಅದರ ಪಕ್ಕದಲ್ಲಿ ಖಾಲಿ ಹಾಳೆ. ಅವರ ಕಣ್ಣೂ ಊದಿಕೊಂಡಿತ್ತು.

"ಪೊಲೀಸರು ಪ್ರತಿ ಕೇಳಿದ್ದಾರೆ. ವಾರ್ಡಿನಲ್ಲಿ ನರ್ಸೇ ಇರಲಿಲ್ಲ ಅಂತಾದರೆ ಈ ಆಸ್ಪತ್ರೆ ಮುಚ್ಚುತ್ತದೆ ವಿನಯಾ. ಇಷ್ಟು ರೋಗಿಗಳನ್ನು ಎಲ್ಲಿಗೆ ಕಳಿಸುವುದು? ನಿನ್ನ ಹೆಸರೂ ಹಾಳು, ನನ್ನದೂ ಹಾಳು. ಒಂದೂ ಹತ್ತರದ್ದು ಮಾತ್ರ ಬೇರೆ ಬರಿ. ಜೊತೆಗಿದ್ದವರಿಗೆ ರೋಗಿಯನ್ನು ಬಿಟ್ಟು ಹೋಗಬಾರದು ಅಂತ ಹೇಳಲಾಗಿತ್ತು, ಅವರು ಹೇಳದೆ ಹೋದರು ಅಂತ."

"ಅವರು ನನ್ನನ್ನು ಕೇಳಿಯೇ ಹೋದದ್ದು ಮೇಡಂ."

"ಅವರ ಮೇಲೆ ಕೇಸೇನೂ ಆಗುವುದಿಲ್ಲ. ಸತ್ತವರ ಮಗಳ ಮೇಲೆ ಯಾರು ಕೇಸು ಹಾಕುತ್ತಾರೆ? ನಿನ್ನ ರೆಫರೆನ್ಸ್ ಪತ್ರಕ್ಕೆ ನಾನೇ ಸಹಿ ಹಾಕಬೇಕು. ಅದರಲ್ಲಿ ಒಂದು ಪ್ರಶ್ನೆ ಇದೆ, ನೋಡಿದ್ದೀಯಲ್ಲ? ಈ ನರ್ಸಿನ ಮೇಲೆ ಯಾವುದಾದರೂ ವಿಚಾರಣೆ ಇದೆಯಾ ಅಂತ."

ವಿನಯಾ ಬರೆದಳು. ಬರೆಯುವುದು ಎಷ್ಟು ಸುಲಭವಾಯಿತು ಎಂಬುದೇ ಆಮೇಲೆ ಅವಳನ್ನು ಹೆಚ್ಚು ಹೆದರಿಸಿತು. ಹಳೆಯ ಹಾಳೆಯನ್ನು ಶ್ರೀಲತಾ ಹರಿದರು. ವಾರದೊಳಗೆ ರೆಫರೆನ್ಸ್ ಪತ್ರ ಬ್ರಿಟನ್ನಿಗೆ ಹೋಯಿತು. ಅದರಲ್ಲಿ ವಿನಯಾಳ ಪ್ರಾಮಾಣಿಕತೆಯ ಬಗ್ಗೆಯೇ ಎರಡು ಸಾಲಿತ್ತು.

ಇಪ್ಪತ್ತು ದಿನ ಕಳೆದ ಮೇಲೆ ವಾರ್ಡಿನ ಫೋನಿಗೆ ಶರ್ಮಿಳಾ ಕರೆ ಮಾಡಿದಳು. ಆಸ್ಪತ್ರೆಯ ಕಾಗದಗಳ ಪ್ರತಿ ಅವರ ಮನೆಗೂ ಹೋಗಿತ್ತು.

"ಸಿಸ್ಟರ್, ನಾನ್ ನಿಮ್ಮನ್ನ ಕೇಂಡೇ ಹೋದ್ದಲ್ದಾ? ನೀವ್ ಕಾಣ್ಕಂತೆ ಅಂದ್ರಿ. ಹೌದಲ್ದಾ?"

ವಿನಯಾ ತಲೆಯೆತ್ತಿ ನೋಡಿದಳು. ಎದುರಿನ ಕೋಣೆಯಲ್ಲಿ ಶ್ರೀಲತಾ ಇದ್ದರು.

"ನಂಗೆ ಸರಿ ನೆನ್ಪಿಲ್ಲೆ ಅಕ್ಕ. ಆ ದಿನ ತುಂಬ ಗಡಿಬಿಡಿ ಇತ್ತ್."

ಆಚೆಯಿಂದ ಫೋನ್ ಇಟ್ಟ ಸದ್ದಾಯಿತು.

ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ವೃತ್ತಿಯ ಪರೀಕ್ಷೆ. ಅದಕ್ಕಾಗಿ ವಿನಯಾ ಬ್ರಿಟನ್ನಿನ ನರ್ಸ್‌ಗಳ ನಡತೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಿತ್ತು. ಆರೈಕೆಯಲ್ಲಿ ತಪ್ಪಾಗಿ ರೋಗಿಗೆ ಹಾನಿಯಾದರೆ ನಡೆದದ್ದನ್ನು ಮುಚ್ಚಿಡದೆ ಹೇಳಬೇಕು, ಕ್ಷಮೆ ಕೇಳಬೇಕು, ದಾಖಲೆ ತಿದ್ದಬಾರದು. ಬಸ್ಸಿನಲ್ಲಿ, ಊಟಕ್ಕೆ ಕೂತಾಗ, ಬಟ್ಟೆ ಒಣಗಿಸುವಾಗ ಈ ಸಾಲುಗಳನ್ನು ಅವಳು ಮಗ್ಗಿಯ ಹಾಗೆ ಹೇಳಿಕೊಂಡಳು. ಪರೀಕ್ಷೆಯಲ್ಲಿ ಆ ವಿಷಯದ ಪ್ರಶ್ನೆಯೂ ಬಂತು. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದು ಯಾವುದೆಂದು ಹುಡುಕಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಗುಂಡಿ ಒತ್ತಿ ಮುಂದಕ್ಕೆ ಹೋದಳು. ಪಾಸಾದ ಸುದ್ದಿ ಬಂದ ದಿನ ಅಪ್ಪಿ ಪಾಯಸ ಮಾಡಿದಳು. ವಿನಯಾ ಎರಡು ಚಮಚ ತಿಂದು ಎದ್ದಳು.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅವಳಿಗೆ ಹೊರರೋಗಿ ವಿಭಾಗದಲ್ಲಿ ಕೆಲಸವಿತ್ತು. ಹೊಸ ರೋಗಿಗಳು ಡಾಕ್ಟರ ಬಳಿ ಹೋಗುವ ಮೊದಲು ಅವರ ತೊಂದರೆ ಕೇಳಿ ಬರೆದುಕೊಳ್ಳುವ ಕೆಲಸ. ಮೂರನೆಯ ಚೀಟಿಯಲ್ಲಿ ಶರ್ಮಿಳಾಳ ಹೆಸರಿತ್ತು.

ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಜೊತೆಗೆ ಬಂದಿದ್ದ ಗಂಡ ಪ್ರವೀಣ್‌ಗೆ ತ್ರಾಸಿಯಲ್ಲಿ ದಿನಸಿ ಅಂಗಡಿ. ಕುರ್ಚಿಯ ಅಂಚಿನಲ್ಲಿ ಕೂತು ಅವನೇ ಶುರು ಮಾಡಿದ.

"ಮೂರ್ ತಿಂಗ್ಳಾಯ್ತ್, ನಿದ್ರೆ ಇಲ್ಲೆ. ಒಬ್ಳೇ ಮಾತಾಡ್ತ್ಲ್. ಬೇರೆ ಕಡೆ ಹೋಪ ಅಂದ್ರೆ ಬೇಡ, ಇದೇ ಆಸ್ಪತ್ರೆಗೆ ಹೋಯ್ಕ್ ಅಂತ್ಲ್. ಇವಳ ಅಣ್ಣ ಮನೀಶ್ ಮುಂಬೈಲಿ ಇಪ್ಪುದ್. ಆ ಕಾಗ್ದ ಓದಿದ ಮೇಲೆ ಇವ್ಳ ಹತ್ರ ಮಾತ್ ಬಿಟ್ಟ. ಅಪ್ಪಯ್ಯನ್ನ ಬಿಟ್ಟಿಕ್ ಊಟಕ್ ಹೋದವ್ಳ್ ಅಂತ."

ವಿನಯಾ ಅವನನ್ನು ಹೊರಗೆ ಕೂರಲು ಹೇಳಿದಳು. ರೋಗಿಯೊಡನೆ ಒಬ್ಬರೇ ಮಾತಾಡಬೇಕು ಎಂಬುದು ಅಲ್ಲಿಯ ಕ್ರಮ. ಅವನು ಹೋದ ಮೇಲೆ ಪೆನ್ನು ಹಿಡಿದು, ಎಲ್ಲರನ್ನೂ ಕೇಳುವಂತೆ ಕೇಳಿದಳು: "ಎಂತ ಆತ್ತ್ ಅಕ್ಕ ನಿಮ್ಗೆ?"

ಶರ್ಮಿಳಾ ಅವಳ ಮುಖ ನೋಡಲಿಲ್ಲ. ಮೇಜಿನ ಮೇಲಿನ ಚೀಟಿಗಳ ಕಟ್ಟನ್ನು ನೋಡುತ್ತ, ಯಾರದೋ ಸುದ್ದಿ ಹೇಳುವವಳಂತೆ ಹೇಳಿದಳು.

"ನಂಗೆ ಒಂದ್ ಮಾತ್ ಕೇಂತ್ ಸಿಸ್ಟರ್. ಹೋಯ್ ಬನ್ನಿ ಅಕ್ಕ, ನಾನ್ ಇದ್ದೆ ಅಂತ. ನಿಮ್ದೇ ಸ್ವರ. ನೀವ್ ಗಡಿಯಾರ ನೋಡಿದ್ದೂ ಕಾಣತ್ತ್. ಆದ್ರೆ ಅದ್ ನಡೀಲೇ ಇಲ್ಲೆ ಅಂತ ಕಾಗ್ದದಲ್ ಇತ್ತ್. ನೀವೂ ನೆನ್ಪಿಲ್ಲೆ ಅಂದ್ರಿ. ಅಣ್ಣ ಹೇಳ್ತ, ನಾನೇ ಕಟ್ಕಂಡ್ ಹೇಳುದ್ ಅಂತ. ಅಪ್ಪಯ್ಯಂಗೂ ಹೀಂಗೇ ಅಲ್ದಾ ಶುರುವಾದ್ದ್? ಇಲ್ದಿದ್ದದ್ದ್ ಕೇಂಬುದ್, ಕಾಂಬುದ್. ನಂಗೂ ಅದೇ ಬಂತಾ ಅಂದೇಳಿ ಕೇಂಬುಕೆ ಬಂದದ್ದ್."

ವಿನಯಾಳ ಪೆನ್ನು ನಿಂತಿತು. ತೊಂದರೆ ಎಂಬ ಕಾಲಮ್ಮಿನಲ್ಲಿ ಅವಳು ಏನೋ ಬರೆಯಬೇಕಿತ್ತು. ಆರು ವರ್ಷದಲ್ಲಿ ನೂರಾರು ಬಾರಿ ಬರೆದ ಪದವೇ: ಇಲ್ಲದ ಸ್ವರ ಕೇಳಿಸುತ್ತದೆ. ಅದನ್ನು ಬರೆದರೆ ಡಾಕ್ಟರು ಗುಳಿಗೆ ಬರೆಯುತ್ತಾರೆ. ಶರ್ಮಿಳಾ ಆ ಗುಳಿಗೆ ನುಂಗುತ್ತಾಳೆ, ಮಂಕಾಗುತ್ತಾಳೆ, ಒಂದು ದಿನ ತನಗೆ ನೆನಪಿದ್ದದ್ದು ಸುಳ್ಳೆಂದು ಒಪ್ಪಿಕೊಳ್ಳುತ್ತಾಳೆ. ಬುದ್ಧಿ ಸ್ಥಿಮಿತದಲ್ಲಿದ್ದ ಒಬ್ಬ ಹೆಂಗಸನ್ನು ತಾನು ರೋಗಿ ಮಾಡಿದ್ದೇನೆ ಎಂಬುದು ಅವಳಿಗೆ ಆಗ ಪೂರ್ತಿ ತಿಳಿಯಿತು.

"ಅಕ್ಕ," ಎಂದಳು. ಪೆನ್ನನ್ನು ಕೆಳಗಿಟ್ಟಳು. ಮತ್ತೊಮ್ಮೆ ಶುರು ಮಾಡಿದಳು. "ಅಕ್ಕ, ನಿಮ್ ತಲೆಗೆ ಎಂತದೂ ಆಯ್ಲಿಲ್ಲೆ. ನೀವ್ ಕೇಂಡದ್ದ್ ನಿಜ. ಹೋಯ್ ಬನ್ನಿ ಅಂತ ನಾನೇ ಹೇಳಿದ್ದ್. ಆಮೇಲೆ ನನ್ನನ್ನ ಇಲ್ಲಿಗೆ ಕರ್ದ್ರ್, ನಾನ್ ಅವ್ರನ್ನ ಬಿಟ್ಟ್ ಬಂದೆ. ಕಾಗ್ದದಲ್ ಇಪ್ಪುದ್ ಸುಳ್ಳ್. ಅದನ್ನ ಬರ್ದದ್ದೂ ನಾನೇ."

ಶರ್ಮಿಳಾ ಈಗ ಅವಳನ್ನು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಅಳುತ್ತಾಳೆ, ಏನಾದರೂ ಆಗಬಹುದು ಎಂದು ವಿನಯಾ ಕಾದಳು. ಅವಳು ಮೇಜಿನ ಮೇಲಿದ್ದ ಒಂದು ಖಾಲಿ ಹಾಳೆಯನ್ನು ವಿನಯಾಳ ಕಡೆ ದೂಡಿದಳು.

"ಬರ್ದ್ ಕೊಡಿ. ಬಾಯಲ್ ಹೇಳಿದ್ದನ್ನ ಅಣ್ಣ ನಂಬುದಿಲ್ಲ."

"ಬರ್ದ್ರೆ ನಾನ್..." ಎಂದು ವಿನಯಾ ನಿಲ್ಲಿಸಿದಳು. ವೀಸಾಕ್ಕೆ ದಿನ ಗೊತ್ತಾಗಿತ್ತು. ಅದನ್ನು ಈ ಹೆಂಗಸಿಗೆ ಹೇಗೆ ಹೇಳುವುದು?

"ನಿಮ್ಗೆ ಎಂತ ಆತ್ತ್ ಅಂತ ನಾನ್ ಕೇಂಬುದಿಲ್ಲ ಸಿಸ್ಟರ್," ಎಂದಳು ಶರ್ಮಿಳಾ. "ಆ ಸುಳ್ಳ್ ಬರೆವಾಗ ನಂಗೆ ಎಂತ ಆತ್ತ್ ಅಂತ ನೀವ್ ಕೇಳ್ಲಿಲ್ಲ."

ವಿನಯಾ ಬರೆದಳು. ಹದಿಮೂರು ಸಾಲು. ಕೆಳಗೆ ಸಹಿ ಹಾಕಿ, ತನ್ನ ನೋಂದಣಿ ಸಂಖ್ಯೆಯನ್ನೂ ಬರೆದಳು. ಶರ್ಮಿಳಾ ಅಲ್ಲೇ ಕೂತು ಎರಡು ಸಲ ಓದಿ, ನಾಲ್ಕಾಗಿ ಮಡಚಿ, ಡಾಕ್ಟರನ್ನು ಕಾಣದೆ ಎದ್ದು ಹೋದಳು. ಬಾಗಿಲ ಹೊರಗೆ ಅವಳು ಗಂಡನ ಭುಜಕ್ಕೆ ತಲೆಯಿಟ್ಟು ಜೋರಾಗಿ ಅತ್ತದ್ದು ಕಾದು ಕೂತವರಿಗೆಲ್ಲ ಕೇಳಿಸಿತು.

ಬೇರೆಯವರಿಂದ ತಿಳಿಯುವುದು ಬೇಡವೆಂದು ವಿನಯಾ ತಾನೇ ಶ್ರೀಲತಾರ ಕೋಣೆಗೆ ಹೋಗಿ ಹೇಳಿದಳು. ಅವರು ಮೊದಲು ನಂಬಲಿಲ್ಲ.

"ಬರೆದು ಕೊಟ್ಟೆಯಾ? ಸಹಿ ಹಾಕಿ?"

"ಹೌದು ಮೇಡಂ."

"ಹೇಳಿಬಿಡಬೇಕು ಅಂತ ನನಗೆ ಯಾವತ್ತೂ ಅನಿಸಲಿಲ್ಲ ಅಂದುಕೊಂಡೆಯಾ?" ಎಂದರು ಶ್ರೀಲತಾ. ಎದ್ದು ಬಾಗಿಲು ತೆರೆದು, "ನಾಳೆಯಿಂದ ಬರಬೇಡ" ಎಂದರು.

ಮುಂದಿನದೆಲ್ಲ ಒಂದರ ಹಿಂದೆ ಒಂದು ಬಂತು. ಆಸ್ಪತ್ರೆ ರೆಫರೆನ್ಸ್ ಪತ್ರವನ್ನು ಹಿಂತೆಗೆದುಕೊಂಡಿತು. ಕಾರಣ ಏನೆಂದು ವಿನಯಾಳೇ ಬ್ರಿಟನ್ನಿನ ಆಸ್ಪತ್ರೆಗೂ ಅಲ್ಲಿಯ ನರ್ಸ್ ನೋಂದಣಿ ಮಂಡಳಿಗೂ ಬರೆದಳು. ಕೆಲಸ ಕೊಟ್ಟಿದ್ದವರು ಒಳ್ಳೆಯ ಮಾತಿನಲ್ಲೇ ಕೊಟ್ಟದ್ದನ್ನು ವಾಪಸು ಪಡೆದರು. ಮನೀಶ್ ಮುಂಬೈಯಿಂದ ದೂರು ಕೊಟ್ಟ. 'ಹೊಸಹಾದಿ'ಗೆ ನೋಟಿಸು ಬಂತು, ವಾರ್ಡಿಗೆ ಹೊಸದಾಗಿ ಇಬ್ಬರು ನರ್ಸ್‌ಗಳು ಬಂದರು, ಶ್ರೀಲತಾ ರಾಜೀನಾಮೆ ಕೊಟ್ಟರು. ಬೆಂಗಳೂರಿನ ನರ್ಸಿಂಗ್ ಪರಿಷತ್ತಿನಲ್ಲಿ ವಿಚಾರಣೆ ನಡೆದು ವಿನಯಾಳಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ನೋಂದಣಿ ಉಳಿಯಿತು. ಆದರೆ ಇನ್ನು ಮುಂದೆ ಯಾವ ದೇಶ ಕೇಳಿದರೂ ಆ ಎಚ್ಚರಿಕೆಯ ಸಂಗತಿ ಅವಳ ಹೆಸರಿನ ಜೊತೆಗೇ ಹೋಗುತ್ತದೆ.

ಬಿಜೂರಿನಲ್ಲಿ ಕೆಲವರು ಅವಳನ್ನು ಹೊಗಳಿದರು, ಹೆಚ್ಚಿನವರು ಪೆದ್ದಿ ಎಂದರು. ಅಪ್ಪಿ ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ಗಂಜಿ ಬಡಿಸುತ್ತ, "ಸುರೂಗೇ ಹೇಳಿದ್ರೆ ಆ ಹೆಣ್ಣ್ ಮೂರ್ ತಿಂಗ್ಳ್ ಒದ್ದಾಡುದ್ ತಪ್ತಿತ್ತ್" ಎಂದಳು. ಹೊಗಳಿದವರ ಮಾತಿಗಿಂತ ಅದೇ ಸರಿಯೆಂದು ವಿನಯಾಳಿಗೆ ಕಂಡಿತು.

ಈಗ ಅವಳಿಗೆ ಕುಂದಾಪುರದಲ್ಲಿ ಮನೋರೋಗಿಗಳ ಒಂದು ಹಗಲು ಆರೈಕೆ ಕೇಂದ್ರದಲ್ಲಿ ಕೆಲಸ. ಬ್ರಿಟನ್ನಿನ ಮಂಡಳಿ ಅರ್ಜಿಯನ್ನು ಪೂರ್ತಿ ತಳ್ಳಿಹಾಕಿಲ್ಲ. ಏನಾಯಿತು, ಯಾಕಾಯಿತು, ಅದರಿಂದ ಏನು ಕಲಿತೆ ಎಂದು ಸ್ವಂತ ಮಾತಿನಲ್ಲಿ ಬರೆದು ಕಳಿಸು, ಆಮೇಲೆ ನೋಡುತ್ತೇವೆ ಎಂದಿದೆ. ಮೊದಲೆರಡು ಪ್ರಶ್ನೆಗಳಿಗೆ ಅವಳು ಉತ್ತರ ಬರೆದಿದ್ದಾಳೆ. ಮೂರನೆಯದನ್ನು ಬರೆದು ಬರೆದು ಅಳಿಸುತ್ತಿದ್ದಾಳೆ.

ಮೊನ್ನೆ ಮಾರ್ಚಿನಲ್ಲಿ, ಕೇಂದ್ರದ ಜಗಲಿಯಲ್ಲಿ ಕೂತಿದ್ದಾಗ ಗುರುತಿಲ್ಲದ ಸಂಖ್ಯೆಯಿಂದ ಫೋನ್ ಬಂತು.

"ಸಿಸ್ಟರ್, ನಾನ್ ಶರ್ಮಿಳಾ. ನಾಳೆ ಅಪ್ಪಯ್ಯನ ವರ್ಷಾಂತಿಕ. ಅಣ್ಣ ಬಂದಿದ್ದ. ನಿನ್ನೆ ನನ್ ಹತ್ರ ಮಾತಾಡ್ದ."

"ಒಳ್ಳೇದಾಯ್ತ್ ಅಕ್ಕ."

"ನೀವ್ ಬಪ್ಪುದ್ ಬೇಡ. ನಿಮ್ಮನ್ನ ಕಾಂಬುಕೆ ನಂಗ್ ಇನ್ನೂ ಆತಿಲ್ಲೆ. ಸುದ್ದಿ ಹೇಳುವ ಅಂದೇಳಿ ಫೋನ್ ಮಾಡ್ದೆ, ಅಷ್ಟೆ."

"ಆಯ್ತ್," ಎಂದಳು ವಿನಯಾ. ಕೇಳಬಹುದೋ ಬಾರದೋ ಎಂದು ತಡೆದು, ಕೊನೆಗೆ ಕೇಳಿಯೇ ಬಿಟ್ಟಳು. "ನಿದ್ರೆ ಬತ್ತಾ ಅಕ್ಕ, ಈಗ?"

"ಬತ್ತ್," ಎಂದು ಶರ್ಮಿಳಾ ಫೋನ್ ಇಟ್ಟಳು.