ಎರಡು ಬೀಗದ ಎಂಜಿನ್ನು

ರೋಣದ ಕೋರ್ಟಿನಲ್ಲಿ ಬೇಲಿಫನಾಗಿದ್ದ ಕೊಟ್ರೇಶ ಹನ್ನೊಂದು ವರ್ಷ ಊರೂರು ತಿರುಗಿ ಸಮನ್ಸು, ನೋಟೀಸು, ತಡೆಯಾಜ್ಞೆಗಳನ್ನು ಜನರ ಕೈಗೆ ಮುಟ್ಟಿಸಿದ್ದ. ಅಷ್ಟೂ ವರ್ಷ ಬಸ್ಸಿನಲ್ಲಿ. ಬಸ್ಸಿನಲ್ಲಿ ಹೋಗುವ ಬೇಲಿಫನಿಗೆ ಒಂದು ತೊಂದರೆಯಿದೆ. ಅವನು ಯಾವಗಲ್ ಎಂಬ ಊರಿನ ಸ್ಟ್ಯಾಂಡಿನಲ್ಲಿ ಕಾಲಿಡುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಇಳಿದು ಊರೊಳಗೆ ಹೋಗಿರುತ್ತದೆ. ನೋಟೀಸು ತಗೊಳ್ಳಬೇಕಾದ ಮನುಷ್ಯ ಹಿತ್ತಲ ಬಾಗಿಲಿನಿಂದ ಹೊಲ ಸೇರಿರುತ್ತಾನೆ. ಹೆಂಡತಿ ಹೊಸ್ತಿಲಲ್ಲಿ ನಿಂತು "ಅವ್ರು ಹುಬ್ಬಳ್ಳಿಗೆ ಹೋಗ್ಯಾರ್ರಿ" ಎನ್ನುತ್ತಾಳೆ. ಹೀಗಾಗಿ ೨೦೦೬ರ ಸಂಕ್ರಾಂತಿ ಕಳೆದ ಮೇಲೆ ನರಗುಂದದ ಶಿವನಪ್ಪನಿಂದ ಒಂದು ಹಳೆಯ ಬುಲೆಟ್ ಕೊಂಡು ತಂದದ್ದನ್ನು ಕೊಟ್ರೇಶ ತನ್ನ ಹೆಂಡತಿ ಪೂಜಾಳಿಗೆ ಸರಕಾರಿ ಕೆಲಸದ ಅಗತ್ಯವೆಂದೇ ವಿವರಿಸಿದ. ಪೂಜಾ ಗಾಡಿಯ ಸುತ್ತ ಒಂದು ಸಲ ನಡೆದು ನೋಡಿ, "ಸರಕಾರ ಹಿಂತಾ ಹ್ಯಾಂಡಲ್ ಕೇಳಿತ್ತೇನು?" ಎಂದಳು.

ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಹಿಂದಕ್ಕೆ ಸುತ್ತಿಕೊಂಡಿತ್ತು. ಹಿಂದಿನ ಮಡ್‌ಗಾರ್ಡು ಟ್ರ್ಯಾಕ್ಟರಿನದನ್ನು ಕೊರೆದು ಮಾಡಿದ್ದು. ಟ್ಯಾಂಕಿಗೆ ನವಿಲಿನ ಕೊರಳಿನ ಬಣ್ಣ ಬಳಿದಿದ್ದರು. ಎಂಜಿನ್ನು ಡೀಸೆಲ್ಲಿನದು. ಲೀಟರಿಗೆ ಎಪ್ಪತ್ತು ಕಿಲೋಮೀಟರ್ ಕೊಡುತ್ತದೆ ಎಂದು ಶಿವನಪ್ಪ ಹೇಳಿದ್ದ. ಅವನು ಆ ಗಾಡಿಯ ಬಗ್ಗೆ ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ.

ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ ಎಂಜಿನ್ನಿನ ಮೇಲೆ ಕೊರೆದ ನಂಬರಿನ ಮೇಲೆ ಹಾಳೆಯಿಟ್ಟು, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದು ಕೊಡಬೇಕು. ಕೊಟ್ರೇಶ ಒಂದು ಭಾನುವಾರ ಮಂಡಿಯೂರಿ ಕುಳಿತು ಉಜ್ಜಿದ. ಹಾಳೆಯ ಮೇಲೆ ಮೂಡಿದ ನಂಬರಿಗೂ ಗಾಡಿಯ ಪುಸ್ತಕದಲ್ಲಿದ್ದ ನಂಬರಿಗೂ ದೂರದ ಬಳಗವೂ ಇರಲಿಲ್ಲ. ಅವನು ಶಿವನಪ್ಪನಿಗೆ ಫೋನು ಹಚ್ಚಿದ.

"ಎಂಜಿನ್ ಬದಲಿ ಆಗೇತ್ರಿ ಸಾಹೇಬ್ರ," ಎಂದ ಶಿವನಪ್ಪ. "ಮನಷ್ಯಾಗ ಕಿಡ್ನಿ ಬದಲಿ ಮಾಡಂಗಿಲ್ಲೇನು?"

"ಕಿಡ್ನಿ ಕೊಟ್ಟವ್ರ ಹೆಸರ ದವಾಖಾನ್ಯಾಗ ಬರದಿಟ್ಟಿರ್ತಾರ. ಇದನ್ನ ಕೊಟ್ಟವ್ರ ಯಾರು?"

"ಅದನ್ನ ಕೂಡಿಸಿದಾಂವ ಬ್ಯಾರೆ ಅದಾನ್ರಿ. ಅಂವ ಈಗ ದುಡ್ಯಾಕ ಗೋವಾಕ ಹೋಗ್ಯಾನ."

ಹನ್ನೊಂದು ವರ್ಷ ಹೊಸ್ತಿಲುಗಳಲ್ಲಿ ನಿಂತು ಇದೇ ಧಾಟಿಯ ಉತ್ತರ ಕೇಳಿದ ಕಿವಿಗೆ ಮುಂದಿನದು ಹೇಳಬೇಕಾಗಿರಲಿಲ್ಲ. ಕಳವಿನ ಎಂಜಿನ್ನು. ಕೋರ್ಟಿನ ನೌಕರ ಕಳವಿನ ಎಂಜಿನ್ನಿನ ಮೇಲೆ ಕುಳಿತು ಕೋರ್ಟಿನ ಕಾಗದ ಹಂಚುತ್ತಿದ್ದಾನೆ. ಅದನ್ನು ದಿನಾ ನ್ಯಾಯಾಧೀಶರ ಕಿಟಕಿಯ ಕೆಳಗೇ ನಿಲ್ಲಿಸುತ್ತಿದ್ದಾನೆ. ಗೊತ್ತಾದ ದಿನ ನೌಕರಿ ಹೋಗುತ್ತದೆ. ಕೊಟ್ರೇಶನಿಗೆ ಊಟಕ್ಕೆ ಕುಳಿತರೆ ಊಟ ಸೇರದು. ಎರಡು ತುತ್ತಿಗೊಮ್ಮೆ ಎದ್ದು ಹೊರಗೆ ಹೋಗಿ ಗಾಡಿ ನೋಡಿ ಬರುವನು, ಅದು ತಾನಾಗಿ ಏನಾದರೂ ಬಾಯಿ ಬಿಟ್ಟೀತೋ ಎಂಬಂತೆ. ಕೋರ್ಟಿನಲ್ಲಿ ಒಂದು ದಿನ ಬೇವಿನ ಮರದ ಕೆಳಗೆ, ಒಂದು ದಿನ ಕ್ಯಾಂಟೀನಿನ ಹಿಂದೆ, ಪೊಲೀಸರು ಯಾರಾದರೂ ಕೈದಿಯನ್ನು ಕರೆತಂದರೆ ಆ ಹೊತ್ತಿಗೆ ಮತ್ತೊಂದು ಕಡೆ, ಹೀಗೆ ಜಾಗ ಬದಲಿಸತೊಡಗಿದ. ಆ ಗಾಡಿ ರಸ್ತೆಯ ಮೇಲೆ ಓಡಿದ್ದಕ್ಕಿಂತ ಕೋರ್ಟಿನ ಅಂಗಳದಲ್ಲಿ ಓಡಿದ್ದೇ ಹೆಚ್ಚಾಯಿತು.

ಕೊನೆಗೆ ಬಸ್‌ಸ್ಟ್ಯಾಂಡಿನ ಹಿಂದಿನ ಬಾಷಾಸಾಬನ ಗ್ಯಾರೇಜಿಗೆ ಹೋದ. ಮೂವತ್ತು ವರ್ಷ ರೋಣದ ಸುತ್ತಲಿನ ಎಂಜಿನ್ನುಗಳನ್ನೆಲ್ಲ ಬಿಚ್ಚಿ ಕೂಡಿಸಿದ ಮೇಸ್ತ್ರಿ ಅವನು. ನಂಬರಿನ ಹಾಳೆಯನ್ನು ತೋರಿಸಿದರೆ ಅತ್ತ ನೋಡಲೂ ಇಲ್ಲ.

"ನಂಬರ ಸುಳ್ಳ ಹೇಳತೈತ್ರಿ. ಅದನ್ನ ಯಾವನರೆ ಉಳಿ ತಗೊಂಡು ಕೆತ್ತಬಹುದು. ಎಂಜಿನ್ನದಾಗಿನ ಮಣ್ಣ ಯಾವಾಂವ ಕೆತ್ತತಾನ?" ಅವನು ಎಂಜಿನ್ನಿನ ಪಕ್ಕಕ್ಕಿದ್ದ ತಗಡಿನ ಮುಚ್ಚಳ ಬಿಚ್ಚಿದ. ಒಳಗೆ ಒಂದು ಫ್ಯಾನು ಕುಳಿತಿತ್ತು. "ನೋಡ್ರಿ ಇಲ್ಲೆ. ಓಡೋ ಗಾಡಿ ಎಂಜಿನ್ನಿಗೆ ಗಾಳಿ ತಾನ ಬಂದು ಬಡೀತೈತಿ, ಫ್ಯಾನ್ ಯಾಕ ಬೇಕು? ಇದು ಒಂದ ಜಾಗಾದಾಗ ಕುಂತು ದುಡದ ಎಂಜಿನ್ನು."

ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಎಂಜಿನ್ನಿನ ರೆಕ್ಕೆಗಳ ನಡುವೆ ಕೆರೆದು, ಬಂದದ್ದನ್ನು ಅಂಗೈಯಲ್ಲಿ ತಿಕ್ಕಿದ. ಮೇಲಿನ ಪದರು ಕರಿಯದು. "ಇದು ನಮ್ಮದು, ಎರಿ ಮಣ್ಣು. ನೀವು ತಿರಗ್ಯಾಡಿದ್ದು." ಇನ್ನೂ ಆಳಕ್ಕೆ ಕೆರೆದ. ಎಣ್ಣೆಯಲ್ಲಿ ನೆನೆದು ಗಟ್ಟಿಯಾದ ಕೆಂಪು ಪುಡಿ ಬಂತು. ಬಾಷಾಸಾಬ ಅದನ್ನು ಬಿಸಿಲಿಗೆ ಹಿಡಿದು, ತೀರ್ಪು ಓದುವ ದನಿಯಲ್ಲಿ ಹೇಳಿದ: "ಮಸಾರಿ. ಗಜೇಂದ್ರಗಡದ ಗುಡ್ಡದ ಕಡೀದು. ಯಾವುದೋ ತ್ವಾಟದ ಬಾವಿ ಮ್ಯಾಲಿನ ಪಂಪಸೆಟ್ಟು. ಎತಗೊಂಡು ಬಂದಾರ."

ಕೊಟ್ರೇಶ ಎರಡು ಸಲ ಸೀನಿದ. "ಗಾಡಿ ತಗೊಂಡಾಗಿಂದ ನೆಗಡಿ ಬಿಡವಲ್ಲದು. ಎದಿಗೆ ಗಾಳಿ ಬಡೀತೈತಿ."

"ಮಫ್ಲರ್ ಕಟ್ಟಿಕೋರಿ," ಎಂದ ಬಾಷಾಸಾಬ. ಹುಟ್ಟಿದಾಗಿನಿಂದ ಕರಿ ನೆಲದಲ್ಲೇ ಬದುಕಿದ ಅವನಿಗೆ ಕೆಂಪಗಿನ ಪುಡಿ ಎಂದರೆ ಮಸಾರಿ ಮಣ್ಣು. ಅದರಾಚೆ ವಿಚಾರಿಸುವ ಪ್ರಸಂಗ ಎಂದೂ ಬಂದಿರಲಿಲ್ಲ.

ಮರುದಿನದಿಂದ ಕೊಟ್ರೇಶ ಹೋದಲ್ಲೆಲ್ಲ ವಿಚಾರಿಸತೊಡಗಿದ. ಇದು ಅವನು ಮಾಡಿದ ತಪ್ಪು. ಪುರ್ತಗೇರಿಯಲ್ಲಿ ಮಾಳಪ್ಪ ಎಂಬ ರೈತನಿಗೆ ಯಾವುದೋ ಬದುವಿನ ತಕರಾರಿನ ನೋಟೀಸು ಕೊಟ್ಟು, ಸಹಿ ಹಾಕಿಸಿಕೊಂಡು, ಹೊರಡುವ ಮುಂಚೆ ಸುಮ್ಮನೆ ಎಂಬಂತೆ ಕೇಳಿದ: "ನಿಮ್ಮ ಕಡೆ ಯಾರದರೆ ಪಂಪಸೆಟ್ಟಿನ ಎಂಜಿನ್ ಕಳುವಾಗೇತೇನ್ರಿ?"

ಮಾಳಪ್ಪ ಒಂದು ಕ್ಷಣ ಯೋಚಿಸಿದ. "ನಂದ ಆಗೇತ್ರಿ."

"ಯಾವಾಗ?"

"ನಿಮಗ ಯಾವಾಗ ಸಿಕ್ಕೈತ್ರಿ?"

"ನಿಮ್ಮದರ ನಂಬರ ಎಷ್ಟು?"

"ನಂಬರ ಯಾರ ನೋಡತಾರ್ರಿ. ಹಸರ ಬಣ್ಣ ಇತ್ತು."

"ನಾ ಕೇಳಾಕತ್ತಿದ್ದು ಕರೇದೈತಿ."

"ಬಿಸಲಿಗೆ ಕರ್ರಗ ಆಗಿರತೈತ್ರಿ," ಎಂದ ಮಾಳಪ್ಪ.

ಕೊಟ್ರೇಶ ಚಹಾದಂಗಡಿಯವರೆಗೆ ಬರುವಷ್ಟರಲ್ಲಿ ಎಂಜಿನ್ನು ಕಳೆದುಕೊಂಡವರು ಇನ್ನೂ ಮೂವರು ಅಲ್ಲಿ ಕಾಯುತ್ತಿದ್ದರು. ಅವನನ್ನು ಕಂಡರೆ ಹೊಲಕ್ಕೆ ಓಡುತ್ತಿದ್ದ ಜನ ಹೀಗೆ ಎದುರುಗೊಂಡದ್ದು ಇದೇ ಮೊದಲು. ಅವನು ಚಹಾ ಬಿಟ್ಟು ಗಾಡಿ ಹತ್ತಿದ.

ಅಲ್ಲಿಂದ ಹೋಗಬೇಕಾಗಿದ್ದದ್ದು ಗಜೇಂದ್ರಗಡಕ್ಕೆ, ಜಂಗ್ಲಿಸಾಬನಿಗೆ ಮುಂದಿನ ತಾರೀಖಿನ ನೋಟೀಸು ಕೊಡಲು. ಅದು ಅಣ್ಣ ಜಂಗ್ಲಿಸಾಬನಿಗೂ ತಮ್ಮ ಅಬ್ದುಲಗನಿಗೂ ನಡುವಿನ ದಾವೆ. ಅವರಪ್ಪ ಓಣಿ ಓಣಿಗೆ ತಳ್ಳಿಕೊಂಡು ಹೋಗಿ ಖಾರ ಕುಟ್ಟಿಕೊಡುವ ಯಂತ್ರದ ಗಾಡಿಯೊಂದನ್ನು ಬಿಟ್ಟು ಸತ್ತಿದ್ದ. ಗಾಡಿ ತನ್ನದೆಂದು ಇಬ್ಬರೂ ಅನ್ನುತ್ತಿದ್ದರು. ತೀರ್ಪಾಗುವ ತನಕ ಅದನ್ನು ಯಾರೂ ಮುಟ್ಟಕೂಡದು, ಶೆಡ್ಡಿಗೆ ಎರಡು ಬೀಗ ಹಾಕಿ ಒಬ್ಬೊಬ್ಬರು ಒಂದೊಂದು ಕೀಲಿಕೈ ಇಟ್ಟುಕೊಳ್ಳಬೇಕು ಎಂದು ಕೋರ್ಟು ತಡೆಯಾಜ್ಞೆ ಕೊಟ್ಟು ಎರಡು ವರ್ಷವಾಗಿತ್ತು. ಆ ಆಜ್ಞೆಯನ್ನು ಬಸ್ಸಿನಲ್ಲಿ ಬಂದು ಮುಟ್ಟಿಸಿ, ಎರಡೂ ಬೀಗ ಜಗ್ಗಿ ನೋಡಿ ಹೋದವನು ಕೊಟ್ರೇಶನೇ.

ಮಾರ್ಚ್ ತಿಂಗಳ ಬಿಸಿಲು. ಮಾಳಿಗೆಗಳ ಮೇಲೆಲ್ಲ ಮೆಣಸಿನಕಾಯಿ ಒಣಹಾಕಿದ್ದರು. ಬುಲೆಟ್ಟು ಓಣಿಯೊಳಗೆ ಹೊಕ್ಕಿತೋ ಇಲ್ಲವೋ, ಒಂದೊಂದೇ ಬಾಗಿಲು ತೆರೆಯಿತು. ಹೆಂಗಸರು ಬುಟ್ಟಿ, ಮೊರ, ಹಳೆಯ ಎಣ್ಣೆ ಡಬ್ಬಿಗಳಲ್ಲಿ ಮೆಣಸಿನಕಾಯಿ ತುಂಬಿಕೊಂಡು ಹೊರಗೆ ಬಂದರು. ಕೊಟ್ರೇಶ ಗಾಡಿ ನಿಲ್ಲಿಸುವುದೇ ತಡ, ಕಮರುನ್ನಿಸಾ ಎಂಬ ದಪ್ಪನೆಯ ಹೆಂಗಸು ತನ್ನ ಬುಟ್ಟಿಯನ್ನು ನವಿಲು ಬಣ್ಣದ ಟ್ಯಾಂಕಿನ ಮೇಲೆಯೇ ಇಟ್ಟಳು.

"ನಂದ ಮೊದಲ. ಎರಡ ವರ್ಷದಿಂದ ಕೈಲೆ ಕುಟ್ಟಿ ರಟ್ಟಿ ಬಿದ್ದಾವು."

"ಇದು ಮೋಟರ್‌ಸೈಕಲ್ರಿ," ಎಂದ ಕೊಟ್ರೇಶ.

"ಅದು ಕಣ್ಣಿಗೆ ಕಾಣತೈತ್ರಿ. ಖಾರದ ಗಾಡಿ ಸಪ್ಪಳ ನಮಗ ಗೊತ್ತಾಗಂಗಿಲ್ಲೇನು? ಅದರ ಸಪ್ಪಳಕ್ಕ ಮಲಗಿದ ಕೂಸು ಏಳತಿದ್ದು." ಅವಳು ಬಗ್ಗಿ, ಬಾಷಾಸಾಬ ಕೆರೆದಿದ್ದ ಜಾಗದಲ್ಲಿ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಹಚ್ಚಿದಳು. ಡೀಸೆಲ್ಲನ್ನು ಉಗುಳಿದಳು, ಉಳಿದದ್ದನ್ನು ಸವಿದು ನೋಡಿದಳು. "ಬ್ಯಾಡಗಿ, ಮ್ಯಾಲೆ ಸ್ವಲ್ಪ ಗುಂಟೂರ. ಯಾರೋ ಕಂಜೂಸಿ ಮಾಡ್ಯಾರ."

"ಮಸಾರಿ ಮಣ್ಣಲ್ಲೇನ್ರಿ ಅದು?"

"ಮಣ್ಣ ಯಾರ ಕುಟ್ಟಸ್ತಾರ್ರಿ?"

ಓಣಿಯ ಹೆಂಗಸರು ನಕ್ಕರು. ಕೊಟ್ರೇಶನಿಗೆ ತನ್ನ ಎರಡು ತಿಂಗಳ ನೆಗಡಿಯ ಮೂಲ ತಿಳಿಯಿತು. ಅದರ ಹಿಂದೆಯೇ ಇನ್ನೊಂದೂ ಹೊಳೆಯಿತು. ಈ ಓಣಿಯಲ್ಲಿ ಖಾರದ ಗಾಡಿ ಇದ್ದದ್ದು ಒಂದೇ.

ಅಷ್ಟರಲ್ಲಿ ಕರಿ ಕನ್ನಡಕ ಹಾಕಿಕೊಂಡ ಮುದುಕಿಯೊಬ್ಬಳು ಹೊಸ್ತಿಲಿಗೆ ಬಂದಳು. ಅಣ್ಣತಮ್ಮಂದಿರ ತಾಯಿ, ಖಾಜಾಬಿ. "ಬೇಲಿಫ್ ಸಾಹೇಬ್ರ, ಒಳಗ ಬರ್ರಿ. ಅಷ್ಟ ಮಂದ್ಯಾಗ ಮಾತಾಡೋದಲ್ಲ."

ಒಳಗೆ ನೀರು ಕೊಟ್ಟು, ಅವನು ಕೇಳುವ ಮೊದಲೇ ಹೇಳಿದಳು. "ನಾನ ತಗಸೀನ್ರಿ. ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಮಕ್ಕಳ ಮಾರಿ ಕಾಣದಿದ್ರ ಹಾಳಾಗಿ ಹೋಗಲಿ, ಅವು ಜಗಳಾಡೋ ಮಾರಿ. ಸೂಜಿಗೆ ದಾರ ಪೋಣಸಾಕ ಆಗವಲ್ಲದಾತು. ಎಂಜಿನ್ ಮಾರಿ ಆಪರೇಶನ್ ಮಾಡಸ್ರಿ ಅಂದೆ."

"ಇಬ್ಬರೂ ಕೂಡಿ ಬೀಗ ತಗದ್ರೇನು?"

"ಕೂಡಿ ಎಲ್ಲೀದ್ರಿ. ಸಣ್ಣಾಂವ ಮುಂಜಾನೆ ಬಂದು ತನ್ನ ಬೀಗ ತಗದು ಹ್ವಾದ. ಅಂವ ಓಣಿ ದಾಟಿದಮ್ಯಾಲೆ ದೊಡ್ಡಾಂವ ಬಂದು ತನ್ನ ಬೀಗ ತಗದ. ಎಂಜಿನ್ ಹೋದಮ್ಯಾಲೆ ಮತ್ತ ಹಂಗ, ಒಬ್ಬರಾದಮ್ಯಾಲೆ ಒಬ್ಬರು ಬಂದು ಹಾಕಿ ಹ್ವಾದ್ರು. ಒಬ್ಬರ ಮಾರಿ ಒಬ್ಬರು ನೋಡಲಿಲ್ಲ."

ಮರುದಿನ ಕೊಟ್ರೇಶ ಕೋರ್ಟಿನ ದಫ್ತರಿನ ಕೋಣೆಯಲ್ಲಿ ಆ ದಾವೆಯ ಕಡತ ತೆಗೆಸಿದ. ಬೀಗ ಹಾಕಿಸಿದ ದಿನದ ವರದಿ ಅದರಲ್ಲಿತ್ತು. ಯಂತ್ರದ ಉದ್ದ, ಅಗಲ, ಗಾಲಿಗಳ ಸ್ಥಿತಿ, ಎಂಜಿನ್ನಿನ ನಂಬರು. ಎಲ್ಲವೂ ದುಂಡಗಿನ ಅಕ್ಷರದಲ್ಲಿ, ಅವನದೇ ಅಕ್ಷರದಲ್ಲಿ. ಕಿಸೆಯಿಂದ ಪೆನ್ಸಿಲ್ ಉಜ್ಜಿದ ಹಾಳೆ ತೆಗೆದು ಪಕ್ಕಕ್ಕಿಟ್ಟ. ಎಂಟಕ್ಕೆ ಎಂಟೂ ಅಂಕಿ ಕೂಡಿದವು. ಕಳವಿನ ಎಂಜಿನ್ನಾಗಿದ್ದರೆ ಎಷ್ಟೋ ಚಲೋ ಇತ್ತು ಎನ್ನಿಸಿತು. ಯಾರೂ ಮುಟ್ಟಕೂಡದೆಂದು ತಾನೇ ಆಜ್ಞೆ ಮುಟ್ಟಿಸಿದ ಎಂಜಿನ್ನನ್ನು ತಾನೇ ತೊಡೆಗಳ ನಡುವೆ ಇಟ್ಟುಕೊಂಡು ಎರಡು ತಿಂಗಳು ಊರೂರು ತಿರುಗಿದ್ದ.

ಗುಟ್ಟಾಗಿ ಮುಗಿಸುವ ದಾರಿಯೊಂದಿತ್ತು. ಬಾಷಾಸಾಬ ಅರ್ಧ ದಿನದಲ್ಲಿ ಎಂಜಿನ್ನು ಇಳಿಸಿಯಾನು. ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಬೀಗ ತೆಗೆದು ಅದನ್ನು ಶೆಡ್ಡಿಗೆ ಸೇರಿಸಿಯಾರು. ಆದರೆ ಮೆಣಸಿನಕಾಯಿಯ ಬುಟ್ಟಿ ಹಿಡಿದ ಅಷ್ಟು ಹೆಂಗಸರು ಕೇಳಿಯಾಗಿತ್ತು, ನೆಕ್ಕಿಯೂ ಆಗಿತ್ತು. ಸುದ್ದಿ ಬಸ್ಸಿನಲ್ಲಿ ರೋಣಕ್ಕೆ ಬರಲು ಎರಡು ದಿನ ಸಾಕು. ಕೊಟ್ರೇಶ ಕಾಗದ ತಗೊಂಡ. ಮೂರು ಹಾಳೆ ಹರಿದು ಎಸೆದ ಮೇಲೆ ನಾಲ್ಕನೆಯದರಲ್ಲಿ ಬರೆದ: 'ಖುದ್ದಾಗಿ ಪರಿಶೀಲಿಸಿ ನೋಡಲಾಗಿ, ದಾವಾ ಎಂಜಿನ್ನು ನಾನು ತಿಳಿಯದೆ ಖರೀದಿಸಿದ ನನ್ನದೇ ಮೋಟರ್‌ಸೈಕಲ್ಲಿನಲ್ಲಿ ಇರುವುದು ಕಂಡುಬಂದಿದ್ದು, ಸದರಿ ಮೋಟರ್‌ಸೈಕಲ್ಲನ್ನು ಇದರೊಂದಿಗೆ ಹಾಜರುಪಡಿಸಿದ್ದೇನೆ.' ಖಾಜಾಬಿಯ ಹೆಸರನ್ನು ಬರೆಯಲಿಲ್ಲ. ಹನ್ನೊಂದು ವರ್ಷದಲ್ಲಿ ಅವನು ವರದಿಯಿಂದ ಬೇಕೆಂದೇ ಬಿಟ್ಟ ಹೆಸರು ಅದೊಂದೇ.

ತಾರೀಖಿನ ದಿನ ನ್ಯಾಯಾಧೀಶರು ಆ ಕಾಗದವನ್ನು ಎರಡು ಸಲ ಓದಿದರು. ಕಿಟಕಿಯಿಂದ ಹೊರಗೆ ನೋಡಿದರು. ಆಮೇಲೆ ಶೆಡ್ಡಿನ ಬೀಗ ತೆಗೆದವರು ಯಾರು ಎಂದು ಕೇಳಿದರು. ಎರಡು ವರ್ಷ ಪ್ರತಿ ತಾರೀಖಿಗೂ ಏನು ಕೇಳಿದರೂ ಒಬ್ಬರ ಕಡೆಗೊಬ್ಬರು ಬೆರಳು ಚಾಚುತ್ತಿದ್ದ ಅಣ್ಣತಮ್ಮಂದಿರು ಕಟಕಟೆಯ ಎರಡು ತುದಿಗೆ ನಿಂತಿದ್ದರು.

"ನಾನ ತಗದೀನ್ರಿ ಸಾಹೇಬ್ರ," ಎಂದ ಜಂಗ್ಲಿಸಾಬ. "ಎರಡೂ."

"ಸುಳ್ಳ ಹೇಳತಾನ್ರಿ," ಎಂದ ಅಬ್ದುಲಗನಿ. "ಎರಡೂ ತಗದಾಂವ ನಾನು."

"ಇದರಲ್ಲಿಯೂ ನಿಮಗೆ ಪಾಲು ಬೇಕೇನು?" ಎಂದರು ನ್ಯಾಯಾಧೀಶರು.

ಕೊಟ್ರೇಶ ಬಾಗಿಲ ಬಳಿ ನಿಂತಿದ್ದ. ಕರಿ ಕನ್ನಡಕದ ಮುದುಕಿಯೊಬ್ಬಳು ಹಿಂದಿನ ಬೆಂಚಿನ ಮೇಲೆ ಕುಳಿತಿದ್ದನ್ನು ನ್ಯಾಯಾಧೀಶರೂ ನೋಡಿದಂತಿತ್ತು. ಹೆಚ್ಚಿಗೆ ಕೆದಕಲಿಲ್ಲ. ಅಣ್ಣತಮ್ಮಂದಿರಿಬ್ಬರಿಗೂ ಕಟುವಾಗಿ ಎಚ್ಚರಿಕೆ ಕೊಟ್ಟರು. ಬೇಲಿಫನು ತಾನಾಗಿಯೇ ಹಾಜರುಪಡಿಸಿದ್ದರಿಂದ ಅವನ ತಪ್ಪು ಕಾಣುವುದಿಲ್ಲ ಎಂದರು. ದಾವೆ ಇತ್ಯರ್ಥವಾಗುವ ತನಕ ಎಂಜಿನ್ನು ಈಗಿದ್ದ ಸ್ಥಿತಿಯಲ್ಲಿಯೇ, ಅಂದರೆ ಮೋಟರ್‌ಸೈಕಲ್ ಸಮೇತ, ಬೇಲಿಫನ ವಶದಲ್ಲಿಯೇ ಇರತಕ್ಕದ್ದು. ಬಿಚ್ಚಕೂಡದು, ಮಾರಕೂಡದು, ಚಾಲೂ ಮಾಡಕೂಡದು.

ನೌಕರಿ ಉಳಿಯಿತು. ಒಂದು ಲೆಕ್ಕದಲ್ಲಿ ಗಾಡಿಯೂ ಉಳಿಯಿತು.

ಕೋರ್ಟಿನಿಂದ ಕೊಟ್ರೇಶನ ಮನೆ ಒಂದೂವರೆ ಮೈಲಿ. ಆಜ್ಞೆ ಆಗಿ ಹೋದ್ದರಿಂದ ತಳ್ಳಿಕೊಂಡೇ ಹೋಗಬೇಕು. ಡೀಸೆಲ್ ಎಂಜಿನ್ನು ಕಟ್ಟಿಕೊಂಡ ಬುಲೆಟ್ಟು ಎಮ್ಮೆಯಷ್ಟು ಭಾರ. ಗೇಟಿನವರೆಗೆ ಬರುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದರೆ ಜಂಗ್ಲಿಸಾಬ ಬರುತ್ತಿದ್ದ. ಎಂಜಿನ್ನು ಸರಿಯಾದ ಜಾಗ ಮುಟ್ಟುತ್ತದೋ ಇಲ್ಲವೋ ನೋಡಬೇಕಂತೆ. ಅವನಿಂದ ಹತ್ತು ಮಾರು ಹಿಂದೆ, ಅದೇ ಕೆಲಸಕ್ಕೆ, ಅಬ್ದುಲಗನಿ.

ರಸ್ತೆ ಏರಿಗೆ ತಿರುಗಿತು. ಗಾಡಿ ನಿಂತಿತು, ಆಮೇಲೆ ಹಿಂದಕ್ಕೆ ಜರುಗತೊಡಗಿತು. ಮಡ್‌ಗಾರ್ಡಿನ ಎಡಗಡೆ ಒಬ್ಬ, ಬಲಗಡೆ ಒಬ್ಬ ಕೈ ಹಚ್ಚಿದರು.

"ಬೇಲಿಫ್ ಸಾಹೇಬ್ರ," ಎಂದ ಜಂಗ್ಲಿಸಾಬ ಸ್ವಲ್ಪ ದೂರ ಹೋದ ಮೇಲೆ, "ಅವಗ ಹೇಳ್ರಿ, ಆ ಕಡಿಂದ ಅಷ್ಟ ಜೋರ ನೂಕಬ್ಯಾಡ ಅಂತ. ಗಾಡಿ ನನ್ನ ಮೈಮ್ಯಾಲೆ ಬರಾಕತ್ತೈತಿ."

ಅಬ್ದುಲಗನಿ ಒಂದು ಮೊಳದಾಚೆ, ಏನೂ ಕೇಳದವನಂತೆ ಮುಂದೆ ನೋಡುತ್ತಿದ್ದ. ಕೊಟ್ರೇಶ ಕೊರಳು ಬಲಕ್ಕೆ ಹೊರಳಿಸಿದ. "ಅಬ್ದುಲಗನಿಯವ್ರ, ಜೋರ ನೂಕಬ್ಯಾಡ್ರಿ ಅಂತ."

"ತಾನೂ ನೂಕಿದ್ರ ಹಂಗ್ಯಾಕ ಆಗತೈತಿ ಅಂತ ಕೇಳ್ರಿ ಅವನ್ನ."

ಕೊಟ್ರೇಶ ಕೊರಳು ಎಡಕ್ಕೆ ಹೊರಳಿಸಿ ಅದನ್ನೂ ಮುಟ್ಟಿಸಿದ. ಏರು ಇನ್ನೂ ಅರ್ಧ ಉಳಿದಿತ್ತು.